ಲೀಲಕ್ಕನ ಬೂತಾಯಿ ಎಣ್ಣೆ

ಸಂಜೆ ಐದೂ ಇಪ್ಪತ್ತಕ್ಕೆ ಲೀಲಕ್ಕನ ಗಾಲಿಕುರ್ಚಿ ತಾನಾಗಿಯೇ ಹೊರಟಿತು. ಬ್ರೇಕು ಹಾಕಿದ್ದನ್ನು ನಾನೇ ನೋಡಿದ್ದೆ. ಆದರೂ ಅದು ಇಳಿಜಾರಿನಲ್ಲಿ ಕೆರೆಯತ್ತ ಓಡುತ್ತಿತ್ತು. ಮೇಲೆ ಕೂತ ಲೀಲಕ್ಕ, "ಬದಿಗೆ ಹೋಗಿ, ಬದಿಗೆ! ಹಾರ್ನ್ ಇಲ್ಲ!" ಎಂದು ಕೂಗುತ್ತಿದ್ದರು.

ಅವರು ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆಯವರು, ಮೀನುಗಾರರ ಮನೆತನ. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಜಾರಿ ಬಿದ್ದು ಕಾಲುಗಳ ಬಲ ಹೋಗುವವರೆಗೂ ಬುಟ್ಟಿ ಹೊತ್ತು ಮೀನು ಮಾರಿದವರು. ಗಂಟಲಿಗೆ ಮಾತ್ರ ಏನೂ ಆಗಿರಲಿಲ್ಲ. ನಾನು ಪಾಠ ಮಾಡಲು ಕಾಲೇಜಿಗೆ ಹೊರಟರೆ, "ಎಂತ ಮೋರೆ ಟೀಚರ್? ನಿನ್ನೆಯ ಬಂಗುಡೆ ಮೀನಿನ ಹಾಗೆ ಉಂಟು!" ಎನ್ನುವರು.

ನೀರಿನ ಪಕ್ಕ ಮತ್ತೊಮ್ಮೆ ಮಲಗಬೇಕೆಂಬುದೊಂದೇ ಅವರ ಆಸೆ. ಕಡಲ ಮರಳಿನಲ್ಲಿ ಕುರ್ಚಿ ಹೂತುಹೋಗುತ್ತದೆ. ಕಾವೂರಿನಾಚೆ ಕೆರೆದಡದಲ್ಲಿ ಗಾಲಿಕುರ್ಚಿಯವರೂ ಉಳಿಯಬಹುದಾದ ಕ್ಯಾಂಪು ಆಗಿದೆಯೆಂದು ಕೇಳಿದ್ದೇ ತಡ, ತಮ್ಮ ಚೀಲ ಕಟ್ಟಿ ನನ್ನದನ್ನೂ ಕಟ್ಟಿಸಿದರು. ಅಲ್ಲಿ ಹೊಸ್ತಿಲಿಲ್ಲದ ಟೆಂಟು, ಕುರ್ಚಿಯ ಎತ್ತರದ ಮಂಚ, ಕೆರೆಯ ಸುತ್ತ ಸಪಾಟು ದಾರಿ. "ನಮ್ಮ ಬೀದಿಯಲ್ಲಿ ನಡೆಯುವವರಿಗೂ ಇಂಥ ದಾರಿ ಇಲ್ಲ ಮಾರಾಯ್ತಿ!"

ಅದೇ ಖುಷಿಯಲ್ಲಿದ್ದಾಗ ಕುರ್ಚಿ ಓಡಿದ್ದು. ದಡದಂಚಿನ ಖಾಲಿ ಟೆಂಟಿಗೆ ನುಗ್ಗಿ, ಬಟ್ಟೆಯನ್ನೆಲ್ಲ ಸುತ್ತಿಕೊಂಡು, ನೀರಿಗೆ ಒಂದು ಗೇಣು ಇರುವಾಗ ನಿಂತಿತು. ನಾನು ಓಡಿ ಬಂದೆ. ಬಟ್ಟೆಯೊಳಗಿಂದ ನಗು ಕೇಳಿಸಿತು.

"ಬಲೆ ಎಳೆಯಿರಿ ಟೀಚರ್! ದೊಡ್ಡದೇ ಬಿದ್ದಿದೆ!"

ಕ್ಯಾಂಪಿನ ಮೇಲ್ವಿಚಾರಕರು ಬ್ರೇಕು ಮುಟ್ಟಿ ಬೆರಳು ಮೂಸಿದರು. "ಇದಕ್ಕೆ ಎಂತ ಹಾಕಿದ್ದೀರಿ ಅಮ್ಮ?"

"ಬೂತಾಯಿ ಮೀನಿನ ಎಣ್ಣೆ. ನೀರಿನ ಹತ್ತಿರ ಹೋಗುವಾಗ ದೋಣಿಗೆ ಬಳಿಯುವುದಿಲ್ವಾ?"

ಟಯರಿಗೂ ಬಳಿದಿದ್ದರು. ಮತ್ತೆ ಬ್ರೇಕು ಹಿಡಿಯುವುದಾದರೂ ಹೇಗೆ?

"ಇವತ್ತು ಇಲ್ಲಿ ಉಳಿಯುವುದು ಬೇಡ, ಮನೆಗೆ ಹೋಗಿ," ಎಂದರು ಅವರು. ಆಗ ಮಾತ್ರ ಲೀಲಕ್ಕನ ನಗು ನಿಂತಿತು. "ಸರಿ ಮಾಡಿಕೊಂಡು ಬರ್ತೇನೆ. ನನ್ನ ಜಾಗ ಯಾರಿಗೂ ಕೊಡಬೇಡಿ," ಎಂದರು.

ಆಮೇಲೆ ಕೆಲವು ರಾತ್ರಿ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕುರ್ಚಿ ಓಡುತ್ತಿತ್ತು. ಇನ್ನು ಕ್ಯಾಂಪಿಗೆ ಬರುವುದಿಲ್ಲವೆಂದೆ. ಲೀಲಕ್ಕ ಹೊಸ ಬ್ರೇಕು ಹಾಕಿಸಿ ನಮ್ಮ ಗೇಟಿಗೇ ಬಂದರು. "ದೂಡಿ ನೋಡುವ!" ಸರ್ವಬಲದಿಂದ ದೂಡಿದೆ, ಅಲುಗಲಿಲ್ಲ. "ಮತ್ತೆಂತ ಹೆದರಿಕೆ? ಚೀಲ ತನ್ನಿ."

ಮರುದಿನ ಕೆರೆದಡದ ಟೆಂಟಿನಲ್ಲಿ ನನಗೆ ಎಚ್ಚರವಾದಾಗ ಬಿಸಿಲು ಮುಖಕ್ಕೆ ಬಿದ್ದಿತ್ತು. ರಾತ್ರಿ ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಪಕ್ಕದ ಮಂಚ ಖಾಲಿ. ಇಬ್ಬನಿಯಲ್ಲಿ ಚಕ್ರದ ಗುರುತು ನೇರ ನೀರಿನ ಕಡೆಗೆ ಹೋಗಿತ್ತು. ಅಲ್ಲಿ ಲೀಲಕ್ಕ ಯಾರಿಗೋ ಗಾಳ ಹಾಕುವುದನ್ನು ಬೈದು ಕಲಿಸುತ್ತಿದ್ದರು.

ನಾನು ಮಗ್ಗುಲು ಬದಲಿಸಿ ಹೊದಿಕೆ ಎಳೆದುಕೊಂಡೆ.