ಮಡ್ಗಾರ್ಡಿನ ನೆಗ್ಗು

ನಾನು ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿದ್ದವರು ಮಾವನವರು, ನಮ್ಮ ಯಜಮಾನರು ಮತ್ತು ಹೊಂಗೆ ಮರದ ಕೆಳಗೆ ನಿಂತ ಬೂದುಬಣ್ಣದ ಕಾರು. ಕಾರನ್ನೂ ಮನೆಮಂದಿಗೆ ಸೇರಿಸಿದೆನೆಂದು ನಗಬೇಡಿ. ಬೆಳಿಗ್ಗೆ ಎದ್ದು ಮಾವನವರು ಮೊದಲು ಮಾತಾಡಿಸುತ್ತಿದ್ದುದು ಅದನ್ನೇ. ಅತ್ತೆ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ಮಾವನವರದು ರೇಷ್ಮೆ ವ್ಯಾಪಾರ. ಹನೂರಿನ ಕಡೆ ಹಳ್ಳಿಗಳಿಗೆ ಗೂಡು ನೋಡಲು ಆ ಕಾರಿನಲ್ಲೇ ಹೋಗುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ಹೋದ ಕಾರು ಬರುವಾಗ ಒಂದು ನೆಗ್ಗು ಹೊತ್ತುಕೊಂಡೇ ಬರುತ್ತಿತ್ತು. ಅದಕ್ಕೆ ಕಾರಣ ಹುರುಳಿ. ನಮ್ಮ ಕಡೆ ರೈತರು ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಗೇ ಹರಡುತ್ತಾರೆ. ಬಸ್ಸು, ಲಾರಿ ಹತ್ತಿ ಹೋದರೆ ಕಾಳು ಉದುರಿ ಒಕ್ಕಣೆ ತಾನಾಗಿಯೇ ಮುಗಿಯುತ್ತದೆ. ಹರಡಿದ್ದು ಚದುರದಿರಲಿ ಎಂದು ಅಂಚಿನಲ್ಲಿ ದಪ್ಪ ಕಲ್ಲುಗಳನ್ನು ಇಟ್ಟಿರುತ್ತಾರೆ. ಬೇರೆ ಕಾರಿನವರು ಬೈದುಕೊಂಡು ಪಕ್ಕಕ್ಕೆ ತಪ್ಪಿಸಿಕೊಂಡು ಹೋದರೆ ಮಾವನವರು ಬೇಕೆಂದೇ ಹುರುಳಿಯ ಮೇಲೆ ಹತ್ತಿಸುತ್ತಿದ್ದರು.

"ನಾವೂ ಬೇಸಾಯಗಾರ್ರ ಮನೇಲಿ ಉಟ್ಟಿದೋರಲ್ವಾ? ನಮ್ ಚಕ್ರ ನಾಕು ಕಾಳು ಉದುರ್ಸುದ್ರೆ ನಮ್ದೇನ್ ಓಯ್ತದೆ?" ಎನ್ನುತ್ತಿದ್ದರು.

ಹೋಗುತ್ತಿದ್ದುದು ಮಡ್ಗಾರ್ಡು. ಸೊಪ್ಪಿನಡಿ ಮುಚ್ಚಿಹೋದ ಕಲ್ಲು ಅವರಿಗೆ ಕಾಣುತ್ತಿರಲಿಲ್ಲ.

ನೆಗ್ಗು ತೆಗೆಯಲು ಕಾರನ್ನು ಗ್ಯಾರೇಜಿಗೆ ಬಿಡುವ ಮಾತೇ ಇರಲಿಲ್ಲ. ಹೊಂಗೆ ಮರದ ನೆರಳಿನಲ್ಲಿ ಚಕ್ರ ಬಿಚ್ಚಿ ಅವರೇ ಕೂರುತ್ತಿದ್ದರು, ಜೊತೆಗೆ ನಾನು. ಮಸಾಲೆ ಅರೆಯುವ ಗುಂಡುಕಲ್ಲನ್ನು ಗೋಣಿಯಲ್ಲಿ ಸುತ್ತಿ, ತಗ್ಗಿನ ಹಿಂಭಾಗಕ್ಕೆ ಒಳಗಿನಿಂದ ಒತ್ತಿ ಹಿಡಿಯುವುದು ನನ್ನ ಕೆಲಸ. ಹೊರಗಿನಿಂದ ಅವರು ಮರದ ಕೊಡತಿಯಲ್ಲಿ ತಗ್ಗಿನ ಸುತ್ತ ಉಬ್ಬಿದ ಅಂಚನ್ನು ಮೆಲ್ಲಗೆ ಬಡಿಯುತ್ತಾ ಬರುತ್ತಿದ್ದರು. ನಡುವೆ ಬಡಿದರೆ ತಗಡು ಹಿಗ್ಗಿ, ಆಮೇಲೆ ಡಬಡಬ ಅನ್ನುತ್ತಾ ಎಂದೂ ನೆಟ್ಟಗಾಗುವುದಿಲ್ಲ. ಬಡಿದಾದ ಮೇಲೆ ಜೇಬಿನಿಂದ ರೇಷ್ಮೆ ಬಟ್ಟೆಯ ತುಂಡೊಂದನ್ನು ತೆಗೆದು, ಅಂಗೈ ಕೆಳಗಿಟ್ಟು ತಗಡಿನ ಮೇಲೆ ಸವರುವರು.

"ಬರಿ ಕೈಗೆ ತಿಳಿಯಾಕಿಲ್ಲ ಕಣವ್ವ. ರೇಸ್ಮೆ ಇದ್ರೆ ಕೈ ಜಾರ್ತದೆ. ತಗ್ಗು ಎಲ್ಲೈತೆ ಅಂತ ಗೊತ್ತಾಯ್ತದೆ."

ಅವರು ಕೈಯಿಂದಲೇ ನೋಡುತ್ತಿದ್ದಾರೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು ಒಂದು ಭಾನುವಾರ. ಉಪ್ಪುಕಾಗದ ಉಜ್ಜಿ, ಬಣ್ಣ ಬಳಿದು, "ಎಂಗೈತೆ?" ಎಂದು ನನ್ನನ್ನೂ ನಮ್ಮ ಯಜಮಾನರನ್ನೂ ಕರೆದರು. ಬೂದುಬಣ್ಣದ ಕಾರಿನ ಮೇಲೆ ಕಿಟಕಿ ಸರಳಿಗೆಂದು ತಂದಿಟ್ಟ ಹಸಿರು ಬಣ್ಣ ಮೆತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡೆ. ಇವರು ಮಾತ್ರ ತಡೆಯಲಾರದೆ, "ಅಪ್ಪಾ, ಅದು ಹಸ್ರು!" ಎಂದುಬಿಟ್ಟರು.

ಮಾವನವರು ಕೈಯಲ್ಲಿದ್ದ ಬ್ರಷ್ಷನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನ ನರ ಒಣಗಿದೆ, ಆಪರೇಷನ್ನಿಂದ ಪ್ರಯೋಜನವಿಲ್ಲ, ಇರುವ ದೃಷ್ಟಿಯನ್ನು ಜೋಪಾನ ಮಾಡಿಕೊಳ್ಳಿ ಎಂದರು. ಅಂದಿನಿಂದ ಇವರದು ಒಂದೇ ರಾಗ, ಕಾರು ಮಾರಿಬಿಡೋಣ. ಇವರಿಗೋ ಯಳಂದೂರಿನ ತಾಲೂಕು ಕಚೇರಿಯಲ್ಲಿ ಕೆಲಸ, ಓಡಾಟವೆಲ್ಲ ಬಸ್ಸಿನಲ್ಲಿ. ಸ್ಟೀರಿಂಗ್ ಎಂದರೇ ಭಯ. ಇವರು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಇವರ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು. ಕಾರು ಹೋದರೆ ಮಾವನವರಿಗೆ ಉಳಿಯುವುದು ಜಗಲಿ ಮಾತ್ರ. ಯಾರಿಗೂ ಬೇಡವಾಗಿ ಕೂರುವುದಕ್ಕೆ ಅವರು ಎಷ್ಟು ಹೆದರಿದ್ದರೆಂದು ದಿನವೆಲ್ಲ ಜೊತೆಗಿರುತ್ತಿದ್ದ ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅವರು ಕಾರಿನ ಬಾಗಿಲು ತೆಗೆದು ನಿಂತು ನನ್ನನ್ನು ಕರೆದರು.

"ಬಾರವ್ವ, ಕೂತ್ಕೊ. ಎಡಗಾಲ್ದು ಕ್ಲಚ್ಚು."

"ಊರೋರು ಏನಂದಾರು?" ಎಂದರು ಇವರು.

"ಅನ್ನೋರು ನಮ್ಮನೇ ರಾಗಿ ಬೀಸ್ಕೊಡ್ತಾರಾ?" ಎಂದೆ ನಾನು. ಮಾವನವರು ನಕ್ಕ ಸದ್ದು ಬೀದಿಗೆ ಕೇಳಿಸಿತು.

ನೀರಿಲ್ಲದ ಕೆರೆಯಂಗಳದಲ್ಲಿ ಕಲಿತೆ. ಮಾವನವರು ಪಕ್ಕದಲ್ಲಿ ಕೂತು ಇಂಜಿನ್ನಿನ ಸದ್ದು ಕೇಳಿಯೇ ಗೇರು ಬದಲಾಯಿಸಲು ಹೇಳುತ್ತಿದ್ದರು. ಮೈಸೂರಿಗೆ ಹೋಗಿ ಲೈಸೆನ್ಸ್ ಮಾಡಿಸಿದೆವು. "ನೋಡೋಣ, ಒಂದು ಸಲ ಎಲ್ಲಾದ್ರೂ ಗುದ್ಲಿ, ಅವತ್ತೇ ಮಾರ್ಬಿಡೋದು" ಎಂದರು ಇವರು. ಹಾಗಾಗಿ ನಾನು ಮೈಯೆಲ್ಲ ಕಣ್ಣಾಗಿ ಓಡಿಸುತ್ತಿದ್ದೆ. ಕಾರಿಗೆ ಗೀರೂ ಬೀಳಲಿಲ್ಲ. ಗೂಡಿನ ವ್ಯಾಪಾರವೂ ಮೊದಲಿನಂತೆ ನಡೆಯಿತು. ಆದರೆ ಮನೆಗೆ ಬಂದ ಮೇಲೆ ಮಾವನವರು ಕಾರಿನ ಸುತ್ತ ಒಮ್ಮೆ ಕೈಯಾಡಿಸಿ, ಏನೂ ಸಿಗದೆ, ಜಗಲಿಗೆ ಹೋಗಿ ಕೂರುತ್ತಿದ್ದರು. ಅಷ್ಟೆಲ್ಲ ಮಾಡಿ ಅವರನ್ನು ಜಗಲಿಗೇ ತಂದು ಕೂರಿಸಿದೆನಲ್ಲ ಎಂದು ಸಂಕಟವಾಗುತ್ತಿತ್ತು.

ಮತ್ತೆ ಸುಗ್ಗಿ ಬಂತು. ಶಾಗ್ಯದ ಕಡೆಯಿಂದ ವಾಪಸಾಗುವಾಗ ರಸ್ತೆ ತುಂಬ ಹುರುಳಿ. ಒಬ್ಬಾಕೆ ಮೊರ ಹಿಡಿದು ಅಂಚಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಪಕ್ಕಕ್ಕೆ ಹೋಗಲು ಜಾಗವಿತ್ತು. ಆಕೆಯ ಮುಖ ನೋಡಿಯೂ ತಪ್ಪಿಸಿಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ, ಹತ್ತಿಸಿಬಿಟ್ಟೆ. ಸರಸರ ಎಂದು ಸೊಪ್ಪು ನುರಿಯಿತು, ಆಮೇಲೆ ಧಡ್ ಎಂದಿತು.

ಇಳಿದು ನೋಡಿದರೆ ಎಡಗಡೆ ಮಡ್ಗಾರ್ಡಿನ ಕೆಳಗೆ ತೆಂಗಿನಕಾಯಿ ಗಾತ್ರದ ತಗ್ಗು. ಇನ್ನು ಕಾರು ಮಾರಿದಂತೆಯೇ ಎಂದುಕೊಂಡೆ. ಅಳುವೇ ಬಂತು. ಮಾವನವರು ಕಾರನ್ನು ತಡಕಿಕೊಂಡು ಬಂದು ಬಗ್ಗಿ, ರೇಷ್ಮೆ ತುಂಡು ತೆಗೆದು ಸವರಿದರು. ಇನ್ನೊಮ್ಮೆ ಸವರಿದರು.

"ಅಬ್ಬಬ್ಬಾ, ವೈನಾಗೇ ಗುದ್ದಿದ್ದೀಯ ಕಣವ್ವ! ನಡಿ ನಡಿ, ಬಿರ್ನೆ ಮನೆಗ್ ಬುಡು."

ದಾರಿಯುದ್ದಕ್ಕೂ ಎಲ್ಲಿಂದ ಬಡಿಯಲು ಶುರುಮಾಡಬೇಕು ಎಂಬುದೇ ಮಾತು. ಅಷ್ಟು ಮಾತನ್ನು ಅವರ ಬಾಯಿಂದ ಕೇಳಿ ತಿಂಗಳುಗಳೇ ಆಗಿದ್ದವು.

ಸಂಜೆ ಯಳಂದೂರಿನ ಬಸ್ಸಿಳಿದು ಇವರು ಬಂದಾಗ ನಾನು ಗುಂಡುಕಲ್ಲು ಹಿಡಿದು ಮಡ್ಗಾರ್ಡಿನೊಳಗೆ ಮುದುರಿಕೊಂಡಿದ್ದೆ. ಇವರ ಕಾಲಷ್ಟೇ ಕಂಡಿತು.

"ಯಾರು ಮಾಡಿದ್ದು ಇದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಾವನವರು, ಮಗಳು ಪರೀಕ್ಷೆ ಪಾಸಾದಳು ಎಂದು ಹೇಳುವ ಗತ್ತಿನಲ್ಲಿ, "ಇನ್ಯಾರ್ಲಾ? ನನ್ ಸೊಸೆ!" ಎಂದರು. ಕೊಡತಿಯಿಂದ ಎರಡೇಟು ಹಾಕಿ, "ಅತ್ತಾಗೆ ಸರ್ಕೊ, ಬೆಳಕ್ಗೆ ಅಡ್ಡ ನಿಂತಿದ್ದೀಯ" ಎಂದು ಗದರಿದರು.

ಅವರ ಕೈಗೆ ಬೆಳಕು ಬೇಕಿರಲಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಇವರು ಪಕ್ಕಕ್ಕೆ ಸರಿದು ನಿಂತರು. ಕಾರು ಮಾರುವ ಮಾತು ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ.