ಆಡಿಟ್ ದಿನದ ಮಕ್ಕಳ ರೂಮು

ಶಾಂತಿಯ ಸುದ್ದಿ ತೆಗೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳ ಮೇಲಲ್ಲ. ಹಾಸನದ ಹತ್ತಿರದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನಾವಿಬ್ಬರೂ ಒಂದೇ ಲೈನಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದೆವು. ಅವಳ ತವರು ಕೊಣನೂರು, ಕೊಟ್ಟಿದ್ದು ಶಾಂತಿಗ್ರಾಮಕ್ಕೆ. "ಊರಿಗೇ ನಿನ್ ಹೆಸರು ಇಟ್ಟವ್ರಲ್ಲೇ" ಎಂದು ಛೇಡಿಸಿದರೆ, "ಅಂಗಾರೆ ಕಂದಾಯನೂ ನಂಗೇ ಕಟ್ಲಿ ಬುಡು ಯಮುನಕ್ಕ" ಅನ್ನುವಳು. ಬೆಳಿಗ್ಗೆ ಬಂದವಳೇ ಮಿಷನ್ ಒರೆಸಿ, ಎಣ್ಣೆ ಬಿಟ್ಟು, ಹಾಲು ಕರೆಯುವ ಮುಂಚೆ ಹಸುವಿನ ಬೆನ್ನು ಸವರಿದ ಹಾಗೆ ಒಂದು ಸಲ ಸವರಿಯೇ ಕೂರುತ್ತಿದ್ದಳು. ಅಷ್ಟು ಇಷ್ಟಪಟ್ಟು ಕೆಲಸ ಮಾಡುವವರನ್ನು ನಾನು ಆ ಶೆಡ್ಡಿನಲ್ಲಿ ಇನ್ನೊಬ್ಬರನ್ನು ಕಂಡಿಲ್ಲ.

ಅವಳಿಗೆ ಒಂದೂವರೆ ವರ್ಷದ ಮಗಳು, ಯಶೋಧರಾ. ನೋಡಿಕೊಳ್ಳುತ್ತಿದ್ದವಳು ಅತ್ತೆ ಮಾಯಮ್ಮ. ಮಾಯಮ್ಮನಿಗೆ ಮಂಡಿ ಹಿಡಿದುಕೊಂಡಿತು. ಮಗುವಿಗೆ ಕಾಲು ಬಂತು. ಮನೆ ಇರುವುದು ಹೆದ್ದಾರಿ ಪಕ್ಕ. ಒಂದು ದಿನ ಮಗು ನೆಟ್ಟಗೆ ರಸ್ತೆಗೆ ಹೋಗಿಬಿಟ್ಟಿತ್ತು. ಡೇರಿಗೆ ಹಾಲು ಹಾಕಿ ಬರುತ್ತಿದ್ದವರು ಯಾರೋ ಎತ್ತಿಕೊಂಡು ತಂದರು. ಅಂಗನವಾಡಿಗೆ ಮೂರು ವರ್ಷ ತುಂಬಬೇಕು. ಗಂಡ ಕೀರ್ತಿರಾಜ್ ಗಾರೆ ಕೆಲಸದವನು, ದಿನಾ ಒಂದೊಂದು ಕಡೆ. ಮಗುವಿಗೊಂದು ಜಾಗ ಸಿಗದಿದ್ದರೆ ಶಾಂತಿ ಕೆಲಸ ಬಿಡಬೇಕು. ಇದ್ದದ್ದು ಇಷ್ಟೇ ವಿಷಯ.

ಜಾಗ ಇತ್ತಲ್ಲ! ಗೇಟಿನ ಒಳಗೆ ಬಲಗಡೆಗೆ 'ಶಿಶುಪಾಲನಾ ಕೇಂದ್ರ' ಎಂದು ಬೋರ್ಡು ಹೊತ್ತ ರೂಮಿತ್ತು. ಒಳಗೆ ಸೂರಿನವರೆಗೆ ಖಾಲಿ ರಟ್ಟಿನ ಪೆಟ್ಟಿಗೆಗಳು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ.

ಶರ್ಟು ಕೊಳ್ಳುವ ಫಾರಿನ್ ಕಂಪನಿಯವರು ಫ್ಯಾಕ್ಟರಿಯ ಸೌಲಭ್ಯಗಳನ್ನು ತಪಾಸಣೆ ಮಾಡುವ ಆಡಿಟ್ ಬಂತು. ಪೆಟ್ಟಿಗೆಗಳು ಹಿಂದಿನ ಗೋಡೌನಿಗೆ ಹೋದವು, ಗೋಡೆಗೆ ಹಳದಿ ಬಣ್ಣ ಬಂತು, ಒಂದು ಪ್ಲಾಸ್ಟಿಕ್ ಕುದುರೆಯೂ ಬಂತು. ಎಚ್.ಆರ್. ವಿಭಾಗದ ಮೋಹನ್‌ಕುಮಾರ್ ಲೈನಿಗೇ ಬಂದು, "ಚಿಕ್ಕ ಮಕ್ಕಳಿರೋರು ನಾಳೆ ಕರ್ಕೊಂಡು ಬನ್ರಮ್ಮ. ನೀಟಾಗಿ ಡ್ರೆಸ್ ಹಾಕ್ಕೊಂಡು ಬರಲಿ" ಎಂದ. ಕಕ್ಕಸು ತೊಳೆಯುವ ಲಕ್ಕಮ್ಮನಿಗೆ ಹೊಸ ಏಪ್ರನ್ ತೊಡಿಸಿ ಆಯಾ ಮಾಡಿದರು. ನಮ್ಮವರೋ, ಮದುವೆಗೆ ಹೊರಡಿಸಿದ ಹಾಗೆ ಮಕ್ಕಳ ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ತಲೆಗೆ ಹೂ ಮುಡಿಸಿ ತಂದರು. ಹೊಸ ಜಾಗ, ಹೊಸ ಮುಖ. ಎಲ್ಲ ಮಕ್ಕಳೂ ಕಿರೋ ಎಂದವು. ಯಶೋಧರಾ ಒಬ್ಬಳೇ ಕುದುರೆ ಹತ್ತಿ ಕಿಲಕಿಲ ನಕ್ಕಳು. ಆಡಿಟ್ ಮೇಡಂ ಎತ್ತಿ ಮುದ್ದು ಮಾಡಿದರು. ಫೋಟೋ ತೆಗೆದರು.

"ದೇವ್ರು ಕಣ್ ಬುಟ್ಟ ಕಣಕ್ಕ" ಎಂದಳು ಶಾಂತಿ ಬಸ್ಸಿನಲ್ಲಿ.

"ಆಡಿಟ್ ಮುಗೀತಲ್ಲ, ನಾಳೆ ನೋಡು ಅವರ ಬಣ್ಣವ."

"ಬೋರ್ಡ್ ಐತೆ, ಆಯಾ ಐತೆ, ಕುದ್ರೆ ಐತೆ. ಇನ್ನೇನಾಗ್ಬೇಕು ಸುಮ್ಕಿರಕ್ಕ."

ಮಾರನೆಯ ದಿನ ಮಗುವನ್ನೂ ಮೊಸರನ್ನದ ಡಬ್ಬಿಯನ್ನೂ ಹಿಡಿದು ಬಂದೇಬಿಟ್ಟಳು. ವಾಚ್‌ಮನ್ ಗಂಗಯ್ಯ ಗೇಟಿನಲ್ಲೇ ತಡೆದ. ಮೋಹನ್‌ಕುಮಾರ್ ಬಂದ.

"ಅದು ಆಡಿಟ್‌ಗೆ ಕಣಮ್ಮ! ಅಷ್ಟೂ ಗೊತ್ತಾಗಲ್ವಾ ನಿನಗೆ?"

ಮಗು ಆ ರೂಮಿನ ಕಡೆಗೇ ಕೈಚಾಚಿ ಸೊಂಟದಿಂದ ಜಾರುತ್ತಿತ್ತು. ಅಲ್ಲಿ ಆಗಲೇ ಪೆಟ್ಟಿಗೆಗಳನ್ನು ಒಳಗೆ ಹೊರುತ್ತಿದ್ದರು. ಪೊರಕೆ ಹಿಡಿದಿದ್ದ ಲಕ್ಕಮ್ಮ ಮುಖ ತಿರುಗಿಸಿಕೊಂಡಳು. ಶಾಂತಿ ಅಲ್ಲಿಂದಲೇ ಊರಿಗೆ ವಾಪಸ್ ಹೋದಳು.

ನಾವು ಹೊಲಿಯುವ ಶರ್ಟಿಗೊಂದು ಚೀಟಿ ತೂಗುಹಾಕುತ್ತಾರೆ. ಅದರ ಮೇಲಿನ ಕ್ಯೂಆರ್ ಚೌಕಕ್ಕೆ ಮೊಬೈಲ್ ಹಿಡಿದರೆ ಹತ್ತಿ ಯಾವ ಊರಿನ ಹೊಲದ್ದು, ನೂಲು ಯಾವ ಮಿಲ್ಲಿನದು, ಎಲ್ಲ ಬರುತ್ತದಂತೆ. ಆ ಕಂಪನಿಯವರಿಗೆ ಎಲ್ಲೋ ಇರುವ ಹೊಲದ ಜಾತಕ ಗೊತ್ತು. ಗೇಟಿನ ಪಕ್ಕದ ಬಾಗಿಲ ಹಿಂದೆ ಏನಿದೆ ಗೊತ್ತಿಲ್ಲ. ಇದಕ್ಕೆ ಏನನ್ನಬೇಕು ಹೇಳಿ.

ಕುಡಿಯುವ ನೀರಿನ ಫಿಲ್ಟರ್ ಪಕ್ಕ ಆ ಕಂಪನಿಯವರದೇ ಒಂದು ಪೋಸ್ಟರ್ ಇತ್ತು. ತೊಂದರೆಯಿದ್ದರೆ ಈ ನಂಬರಿಗೆ ಫೋನ್ ಮಾಡಿ, ನಿಮ್ಮ ಹೆಸರು ಗುಟ್ಟಾಗಿಡುತ್ತೇವೆ ಎಂದು. ಶಾಂತಿ ಮಾಡಿದಳು. ಅತ್ತ ಕಡೆಯ ಹುಡುಗಿ ಒಳ್ಳೆಯ ಕನ್ನಡದಲ್ಲೇ ಮಾತಾಡಿ, ಎಲ್ಲ ಕೇಳಿಸಿಕೊಂಡು, ಪಾಪ, ಸಾರಿ ಕೂಡ ಹೇಳಿದಳಂತೆ. ಅಲ್ಲಿಂದ ಶುರುವಾಯಿತು ಕಾಯುವುದು. ಒಂದು ದಿನ ಇವಳ ರಜೆ, ಒಂದು ದಿನ ಕೀರ್ತಿರಾಜನ ರಜೆ. ರಜೆ ಹಾಕಿದಾಗಲೆಲ್ಲ ಸೂಪರ್‌ವೈಸರ್‌ನ ಬೈಗುಳ.

ಕೊನೆಗೊಂದು ಊಟದ ಹೊತ್ತಿನಲ್ಲಿ ಅವಳ ಮೊಬೈಲಿಗೆ ಉತ್ತರ ಬಂತು. 'ನಿಮ್ಮ ದೂರನ್ನು ಪರಿಶೀಲಿಸಲಾಗಿದೆ. ಶಿಶುಪಾಲನಾ ಕೇಂದ್ರ ಕಾರ್ಯನಿರ್ವಹಿಸುತ್ತಿದೆ. ಸಾಕ್ಷಿಗೆ ಫೋಟೋ ಲಗತ್ತಿಸಿದೆ.' ಫೋಟೋ ತೆಗೆದು ನೋಡಿದರೆ ಕುದುರೆಯ ಮೇಲೆ ನಗುತ್ತಿರುವ ಯಶೋಧರಾ!

ದೂರು ಬೆಂಗಳೂರಿಗೆ ಹೋಗಿ, ಫಾರಿನ್ನಿಗೆ ಹೋಗಿ, ತಿರುಗಿ ಇಲ್ಲಿಗೇ ಬಂದು ಮೋಹನ್‌ಕುಮಾರನ ಟೇಬಲ್ಲಿನ ಮೇಲೆ ಬಿದ್ದಿತ್ತು. ಬಾಗಿಲಿಗೆ ಬೀಗ ಹಾಕಿದವನೇ ಬಾಗಿಲು ತೆರೆದಿದೆ ಎಂದು ಬರೆದ. ಕುರಿ ಕಾಯೋಕೆ ತೋಳನನ್ನು ಬಿಟ್ಟರೆ ಇನ್ನೇನಾಗುತ್ತದೆ?

ಶಾಂತಿ ಸುಮ್ಮನಿರಬೇಕಿತ್ತು. ನಾನು ಸೆರಗು ಹಿಡಿದು ಜಗ್ಗಿದೆ. ಕೊಡವಿಕೊಂಡು ಆಫೀಸಿಗೇ ಹೋದಳು, ಹಿಂದೆಯೇ ನಾನೂ.

"ಸಾ, ಈ ಪೋಟೋಲಿರೋದು ನನ್ ಮಗು. ಇದುನ್ನೇ ತಾನೆ ತೋರ್ಸಿರೋದು? ಇದುನ್ನ ಒಳಕ್ ಬುಡಿ ಸಾ, ಅಷ್ಟೇ ಸಾಕು."

ಮೋಹನ್‌ಕುಮಾರ್ ಮೊಬೈಲ್ ತೆಗೆದುಕೊಂಡು ನೋಡಿದ. ಆಮೇಲೆ ಅವಳನ್ನು ನೋಡಿದ.

"ಓ, ಕಂಪ್ಲೇಂಟ್ ಕೊಟ್ಟಿದ್ದು ನೀನಾ?"

ಗುಟ್ಟಾಗಿಟ್ಟ ಹೆಸರು ಅಲ್ಲಿಗೆ ಬಯಲಾಯಿತು. ಮರುದಿನದಿಂದ ಅವಳನ್ನು ಮಿಷನ್ನಿನಿಂದ ಎಬ್ಬಿಸಿ ದಾರ ಕತ್ತರಿಸಲು ನಿಲ್ಲಿಸಿದರು. ನೀರು ಕುಡಿಯಲು ಹೋದರೂ ಹಿಂದೆ ಯಾರಾದರೊಬ್ಬರು. ಬಿಡು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳೇ ಬಿಡುವ ಹಾಗೆ ಮಾಡಿದರು. ಬಿಟ್ಟಳು. ನಾವು ಲೈನಿಗೆ ಲೈನೇ ತಲೆ ಬಗ್ಗಿಸಿ ಹೊಲಿಯುತ್ತಿದ್ದೆವು. ಏನು ಮಾಡೋದು, ನಮಗೂ ಹೊಟ್ಟೆ ಇದೆ.

ಈ ವರ್ಷ ಮತ್ತೆ ಆಡಿಟ್ ಎಂದರು. ಅದರ ಹಿಂದಿನ ಭಾನುವಾರ ನಾನು ಶಾಂತಿಯ ಮನೆಯಲ್ಲಿದ್ದೆ. ಅವಳ ಫೋನು ರಿಂಗಾಯಿತು. ಸ್ಪೀಕರ್ ಹಾಕಿದಳು. ಮೋಹನ್‌ಕುಮಾರನ ಧ್ವನಿ ಜೇನು ಸುರಿದ ಹಾಗಿತ್ತು.

"ಶಾಂತಿ, ಚೆನ್ನಾಗಿದೀಯೇನಮ್ಮ? ನಿನ್ ಮಗು ಹೊಸಬರನ್ನ ಕಂಡ್ರೂ ಅಳಲ್ಲ ನೋಡು. ಬುಧವಾರ ಒಂದ್ ದಿನ ಕಳಿಸಿಕೊಡು."

"ನಾನೂ ಬತ್ತೀನಿ ಸಾ. ಕೆಲ್ಸಕ್ ಸೇರುಸ್ಕೊತೀರಾ?"

"ನೀನು ಬೇಡಮ್ಮ. ಮಗು ಸಾಕು."

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಶಾಂತಿ ಮಾತ್ರ ಧ್ವನಿ ಏರಿಸಲಿಲ್ಲ.

"ಮಗು ಇವಾಗ ಮಾತಾಡ್ತದೆ ಸಾ. ಯಾರ್ ಏನ್ ಕೇಳುದ್ರೂ ಇದ್ದದ್ ಇದ್ದಂಗೆ ಏಳ್ಬುಡ್ತದೆ. ಕಳುಸ್ಲಾ?"

ಫೋನು ಕಟ್ಟಾಯಿತು. ನಾನು ತೊಡೆ ತಟ್ಟಿಕೊಂಡು ನಕ್ಕೆ.

"ನಗ್ಬ್ಯಾಡ ಸುಮ್ಕಿರು ಯಮುನಕ್ಕ" ಎಂದಳು ಶಾಂತಿ. "ಮಾತು ಬರ್ದಿರೋ ಬ್ಯಾರೆ ಯಾರುದ್ದಾದ್ರೂ ಮಗೀನ ಕರುಸ್ಕೊತಾರೆ, ಅಷ್ಟೆ."