ಮಾತು ಬಿಟ್ಟ ಡಿಫೆನ್ಸ್

ಗಂಡನ ಆಸ್ಪತ್ರೆ ಕೆಲಸಕ್ಕಾಗಿ ಆನ್ ಆರ್ಬರ್‌ಗೆ ಬಂದ ಎರಡನೆಯ ವರ್ಷ, ಡೆಟ್ರಾಯ್ಟ್ ಕಡೆಯ ಸಣ್ಣ ಕಾಲೇಜೊಂದರ ಫುಟ್‌ಬಾಲ್ ತಂಡಕ್ಕೆ ಪಂದ್ಯಗಳ ವೀಡಿಯೋ ಕತ್ತರಿಸಿ ಜೋಡಿಸಿ ಕೊಡುವ ಕೆಲಸ ನನಗೆ ಸಿಕ್ಕಿತು. ಇಲ್ಲಿಯ ಫುಟ್‌ಬಾಲ್ ಎಂದರೆ ಚೆಂಡನ್ನು ಅವುಚಿಕೊಂಡು ಓಡುವ ಆಟ. ಹಾಗೆ ಓಡಿ ಬರುವವರನ್ನು ತಡೆಯುವ ಹನ್ನೊಂದು ಜನರೇ ಡಿಫೆನ್ಸ್.

ನಮ್ಮ ಡಿಫೆನ್ಸ್‌ನ ಇಬ್ಬರು ಗಟ್ಟಿಗರು ಓದು ಮುಗಿಸಿ ಹೋಗಿದ್ದರು. ನಡುವೆ ನಿಲ್ಲುತ್ತಿದ್ದ ಮೂರನೆಯವನು ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡ. ಆಮೇಲೆ ಸಾಲಾಗಿ ಮೂರು ಸೋಲು. ಹೊಸಬರಿಗೆ ತಾಕತ್ತಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ನನಗೆ ಹಾಗನ್ನಿಸಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೋದ ವರ್ಷದ ಪಂದ್ಯವನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಹಾಕಿ ನೋಡುತ್ತಿದ್ದೆ.

"ವೀಡಿಯೋ ಕಟ್ ಮಾಡಿ ಕೊಟ್ರೆ ನಿನ್ ಕೆಲ್ಸ ಮುಗೀತಲ್ವಾ? ಯಾಕಿಷ್ಟು ತಲೆ ಕೆಡಿಸ್ಕೋತೀಯ?" ಎಂದರು ನನ್ನವರು.

"ಇಲ್ಲಿ ನೋಡಿ. ಹೋದ್ ವರ್ಷ ನಡುವೆ ಇದ್ದೋನು ಎದುರಿನವ್ರು ಯಾವ್ ಕಡೆ ನುಗ್ತಾರೆ ಅಂತ ಕೂಗ್ತಿದ್ದ, ಎಲ್ರೂ ಅವನ್ ಕಡೆ ತಿರುಗ್ತಿದ್ರು. ಈಗ ಒಬ್ರೂ ತಿರುಗ್ತಿಲ್ಲ. ಯಾರೂ ಮಾತೇ ಆಡ್ತಿಲ್ಲ!"

ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಕಬಡ್ಡಿ ಆಡಿದವಳು ನಾನು. ಕೈ ಕೈ ಹಿಡಿದು ನಿಂತ ಸಾಲು ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆಂದು ಬಲ್ಲೆ. ಆದರೆ ಈ ಚೆಂಡನ್ನು ಮುಟ್ಟಿಯೂ ನೋಡದವಳ ಮಾತನ್ನು ಕೇಳುವವರಾರು?

ಮರುದಿನ ಡಿಫೆನ್ಸ್ ಕೋಚ್‌ಗೆ ತೋರಿಸಿದೆ. ಅರವತ್ತು ದಾಟಿದ, ನಗುವುದು ಅಪರೂಪವಾದ ಮನುಷ್ಯ. ನೋಡಿ, "ಮತ್ತೊಮ್ಮೆ ಹಾಕು" ಎಂದರು. ಆಮೇಲೆ ಇನ್ನೊಮ್ಮೆ. ಆ ವಾರ ಕೂಗುವ ಹೊಣೆ ಎರಡನೆಯ ವರ್ಷದ ಒಬ್ಬ ಆಟಗಾರನಿಗೆ ಬಿತ್ತು. ಅವನದೋ ಪಿಸುಮಾತಿನಂಥ ದನಿ.

ಶನಿವಾರದ ಪಂದ್ಯದಲ್ಲಿ ಅವನು ಎರಡು ಸಲ ತಪ್ಪು ಕೂಗಿದ. ಎರಡು ಸಲವೂ ಎದುರಾಳಿಗಳು ಸಲೀಸಾಗಿ ನುಗ್ಗಿ ಅಂಕ ಗಳಿಸಿದರು. ಮತ್ತೆ ಸೋತೆವು. ಹಿಂದಿನ ಸಾಲಿನ ಪ್ರೇಕ್ಷಕರ ಬೈಗುಳ ಕೇಳುತ್ತಾ ಕೂತಿದ್ದೆ. ನನ್ನ ಮಾತು ಕೇಳಿ ತಾನೇ ಹೀಗಾದದ್ದು?

ಸೋಮವಾರ ಕೋಚ್, "ಕೂಗುವವನನ್ನು ಬದಲಾಯಿಸೋಣವೇ?" ಎಂದು ಕೇಳಿದರು.

ಅಷ್ಟರಲ್ಲಿ ಆ ಪಂದ್ಯವನ್ನು ನಾಲ್ಕು ಬಾರಿ ನೋಡಿದ್ದೆ. "ಬೇಡ," ಎಂದೆ. "ತಪ್ಪಿದಾಗಲೂ ಹನ್ನೊಂದು ಜನ ಒಂದೇ ಕಡೆಗೆ ಓಡಿದ್ದಾರೆ. ಮೊದಲು ಹಾಗಿರಲಿಲ್ಲ. ಅವರು ಅವನ ಮಾತು ಕೇಳುತ್ತಿದ್ದಾರೆ. ಇನ್ನು ಅವನು ಸರಿಯಾಗಿ ಕೂಗಬೇಕು, ಅಷ್ಟೇ."

ಅವರು ನನ್ನನ್ನೇ ದಿಟ್ಟಿಸಿ ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಅಲ್ಲಿಂದ ದಿನಾ ಅರ್ಧ ಗಂಟೆ ಅವನೂ ನಾನೂ ವೀಡಿಯೋ ಮುಂದೆ ಕೂತೆವು. ನಾನು ಚಿತ್ರ ನಿಲ್ಲಿಸಬೇಕು, ಮುಂದೇನೆಂದು ಅವನು ಕೂಗಬೇಕು. ನಾಚಿಕೊಂಡರೆ ಬಿಡುತ್ತಿರಲಿಲ್ಲ, ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಳ್ಳುವಷ್ಟು ಜೋರಾಗಿ ಕೂಗಿಸಿದೆ.

ಎರಡು ವಾರದ ನಂತರದ ಪಂದ್ಯದಲ್ಲಿ ಎದುರಾಳಿಗಳು, ದಾಟಿದರೆ ಅಂಕ ಸಿಗುವ ನಮ್ಮ ಕೊನೆಯ ಗೆರೆಗೆ ಮೂರೇ ಗಜ ದೂರದವರೆಗೆ ಬಂದರು. ನಿಯಮದಂತೆ ಸಿಗುವ ನಾಲ್ಕೂ ಪ್ರಯತ್ನ ಮಾಡಿದರು. ನಾಲ್ಕನ್ನೂ ನಮ್ಮವರು ತಡೆದರು. ಅವನ ದನಿ ಮೇಲಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಗೆದ್ದೆವು.

ಆ ವರ್ಷ ಒಟ್ಟಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಆ ಗೆಲುವಿನ ಮರುವಾರದಿಂದ ಡಿಫೆನ್ಸ್ ಮೀಟಿಂಗ್‌ನಲ್ಲಿ ಕೋಚ್ ಪಕ್ಕ ನನಗೂ ಒಂದು ಕುರ್ಚಿ ಹಾಕಿರುತ್ತಿದ್ದರು.